ನಗು ಬರದಿದ್ದರೂ ನಗುವುದು ಹೇಗೆ?

ಡೊಂಬಿವಲಿಯಿಂದ ಮುಂಬೈಗೆ ಬೆಳಗಿನ ಲೋಕಲ್ ರೈಲು ಹತ್ತಿ ರಾತ್ರಿ ಮನೆ ಸೇರುವ ನಮ್ಮವರು, ನಗುವುದಕ್ಕೆ ಟೈಮ್ ಎಲ್ಲಿದೆ ಅನ್ನುತ್ತಾರೆ. ಹತ್ತು ನಿಮಿಷ ಸಾಕು. 1995ರಲ್ಲಿ ಡಾ. ಮದನ್ ಕಟಾರಿಯಾ ನಮ್ಮ ಅಂಧೇರಿಯ ಪಾರ್ಕಿನಲ್ಲೇ ಐದು ಜನರ ನಗೆಕೂಟ ಶುರು ಮಾಡಿದರು. ಮೊದಲು ಜೋಕ್ ಹೇಳುತ್ತಿದ್ದರು, ಒಳ್ಳೆಯ ಜೋಕ್ ಖಾಲಿಯಾದ ಮೇಲೆ ಸುಮ್ನೆ ನಗುವುದನ್ನೇ ಅಭ್ಯಾಸ ಮಾಡಿಸಿದರು.

ಮೂಗಿನಿಂದ ಉಸಿರೆಳೆಯುತ್ತಾ ಕೈ ಮೇಲೆತ್ತಿ, ನಿಧಾನವಾಗಿ ಬಿಡಿ. ಆಮೇಲೆ ಬೆರಳಿಗೆ ಬೆರಳು, ಅಂಗೈಗೆ ಅಂಗೈ ತಾಗುವ ಹಾಗೆ ಚಪ್ಪಾಳೆ ತಟ್ಟುತ್ತಾ 'ಹೋ ಹೋ, ಹಾ ಹಾ ಹಾ' ಅನ್ನಿ. ಎದುರಿನವರ ಕಣ್ಣು ನೋಡಲೇಬೇಕು, ಯಾಕಂದ್ರೆ ಬೇಕಂತಲೇ ನಕ್ಕ ನಗು ಅಲ್ಲೇ ನಿಜವಾದ ನಗುವಾಗುವುದು, ಪಕ್ಕೆ ಹಿಡಿದುಕೊಳ್ಳುವಷ್ಟು! ಒಬ್ಬರೇ ಇದ್ದರೆ ಕನ್ನಡಿ ನೋಡಿಕೊಂಡು ನಕ್ಕರೂ ಆಗುತ್ತದೆ, ಆದರೆ ಜೊತೆಗೆ ಜನ ಇದ್ದರೇ ಚೆಂದ ಅಲ್ವಾ?

ನಗುವಾಗ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಜೋರಾಗಿ ಕೆಲಸ ಮಾಡುತ್ತದೆ. ಗಾಳಿ ಜಾಸ್ತಿ ಒಳಗೆ ಹೋಗುತ್ತದೆ, ಎದೆಬಡಿತ ಏರಿ ಆಮೇಲೆ ಇಳಿಯುತ್ತದೆ, ಭುಜದ ಬಿಗಿ ಸಡಿಲವಾಗುತ್ತದೆ. ಮೆದುಳಿನಲ್ಲಿ ಎಂಡಾರ್ಫಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ನೋವು, ಬೇಸರ ತುಸು ಹಗುರಾಗುತ್ತವೆ.

ಹರ್ನಿಯಾ ಇದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ನಗೆಕೂಟಕ್ಕೆ ಖಂಡಿತ ಬನ್ನಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ.