ಚಿವುಟಿ ಬಿಡಿ, ಲೆಕ್ಕ ಹಾಕಿ: ಚರ್ಮದ ಎಲಾಸ್ಟಿಕ್ ಅಳೆಯುವ ಬಗೆ

ಎಡಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಡಿ. ಗೆಣ್ಣುಗಳಿಗೂ ಮಣಿಕಟ್ಟಿಗೂ ನಡುವಿನ ಚರ್ಮವನ್ನು ಬಲಗೈ ಬೆರಳುಗಳಲ್ಲಿ ಚಿವುಟಿ ಮೇಲೆತ್ತಿ. ಬಿಡಿ. ಇಪ್ಪತ್ತರ ಕೈಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಪಾಟು. ಎಂಬತ್ತರದಾದರೆ ಚರ್ಮ ಸಣ್ಣ ದಿಬ್ಬದ ಹಾಗೆ ನಿಂತು, ನಿಧಾನಕ್ಕೆ ಇಳಿಯುತ್ತದೆ.

ಇದಕ್ಕೆ ಶಾಲೆಯಲ್ಲಿ ‘ಸ್ಥಿತಿಸ್ಥಾಪಕತ್ವ’ ಅಂತ ನಾಲಿಗೆ ಹೊರಳದ ಹೆಸರು ಕಲಿತಿದ್ದೆವು. ಲಂಗದ ಎಲಾಸ್ಟಿಕ್ ನೆನೆಸಿಕೊಂಡರೆ ಸಾಕು. ಎಳೆದರೆ ಬರಬೇಕು, ಬಿಟ್ಟರೆ ವಾಪಸ್ ಹೋಗಬೇಕು. ಚರ್ಮದೊಳಗೆ ಆ ಕೆಲಸ ಮಾಡುವುದು ಎಲಾಸ್ಟಿನ್ ಎಂಬ ಎಳೆಗಳು. ವಯಸ್ಸು ಮತ್ತು ಬಿಸಿಲು ಎರಡೂ ಸೇರಿ ಅವನ್ನು ಸವೆಸುತ್ತವೆ.

ಮನೆಯಲ್ಲೇ ಅಳೆಯಲು ಬಾಲ್‌ಪೆನ್, ಸ್ಕೇಲು, ಸ್ಲೋ ಮೋಷನ್ ವಿಡಿಯೊ ತೆಗೆಯುವ ಮೊಬೈಲು ಇದ್ದರಾಯಿತು. ಕೈಗೆ ಕ್ರೀಮು, ಎಣ್ಣೆ ಬೇಡ. ಸ್ನಾನ ಮುಗಿಸಿ ಬಂದ ಕೂಡಲೇ ಅಳೆಯಬೇಡಿ, ನೆನೆದ ಚರ್ಮದ ಲೆಕ್ಕವೇ ಬೇರೆ. ಇಪ್ಪತ್ತು ನಿಮಿಷ ಸುಮ್ನೆ ಕೂತಿರಿ. ಆಮೇಲೆ ಎರಡು ಸೆಂಟಿಮೀಟರ್ ಅಂತರದಲ್ಲಿ ಎರಡು ಚುಕ್ಕೆ ಇಡಿ. ಬೆರಳ ತುದಿಗಳನ್ನು ಚುಕ್ಕೆಗಳ ಮೇಲಿಟ್ಟು ಚಿವುಟಿ, ಮೂರು ಎಣಿಸಿ ಬಿಡಿ. ಇನ್ನೊಬ್ಬರು ಪಕ್ಕದಿಂದ ವಿಡಿಯೊ ತೆಗೆಯಲಿ. ಮೊಬೈಲು ಸೆಕೆಂಡಿಗೆ 240 ಚಿತ್ರ ತೆಗೆಯುವುದಾದರೆ, ಬೆರಳು ಬಿಟ್ಟಲ್ಲಿಂದ ಚರ್ಮ ಸಪಾಟಾಗುವ ತನಕ ಚಿತ್ರಗಳನ್ನು ಎಣಿಸಿ. 60 ಬಂದರೆ ಕಾಲು ಸೆಕೆಂಡು. ಎರಡೆರಡು ನಿಮಿಷ ಬಿಟ್ಟು ಮೂರು ಸಲ ಮಾಡಿ, ಸರಾಸರಿ ತೆಗೆಯಿರಿ.

ಬೆರಳು ಮಾತ್ರ ಮಡಚಬೇಡಿ. ನಾನು ಮೊದಲ ಸಲ ಮುಷ್ಟಿ ಬಿಗಿದೇ ಅಳೆದು, ನನ್ನದು ಹದಿನೆಂಟರ ಚರ್ಮ ಅಂತ ಬೀಗಿದ್ದೆ. ಮುಷ್ಟಿ ಬಿಗಿದರೆ ಚರ್ಮ ಮೊದಲೇ ಎಳೆದುಕೊಂಡಿರುತ್ತದೆ, ಅಲ್ವಾ?

ಲ್ಯಾಬಿನಲ್ಲಿ ಚಿವುಟುವ ಬದಲು ಹೀರುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಕ್ಯೂಟೋಮೀಟರ್. ಜರ್ಮನಿಯ ಕಲೋನ್ ನಗರದ ಕಂಪನಿಯದು. ಪೆನ್ನಿನಂತೆ ಹಿಡಿಯುವ ಒಂದು ಕಡ್ಡಿ, ಅದರ ತುದಿಯಲ್ಲಿ ತೂತು. ಸಾಮಾನ್ಯವಾಗಿ 2 ಮಿಲಿಮೀಟರ್, ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. ಕೆನ್ನೆಗೋ ಮುಂಗೈ ಒಳಬದಿಗೋ ತಾಗಿಸಿದರೆ, ಯಂತ್ರ ಗಾಳಿ ಎಳೆದು ಚರ್ಮವನ್ನು ತೂತಿನೊಳಕ್ಕೆ ಉಬ್ಬಿಸುತ್ತದೆ. ಒಳಗೆ ಅಡ್ಡಲಾಗಿ ಬೆಳಕು ಹಾಯುತ್ತಿರುತ್ತದೆ. ಚರ್ಮ ಎಷ್ಟು ಎತ್ತರ ಏರಿತೋ ಅಷ್ಟು ಬೆಳಕು ಮರೆಯಾಗುತ್ತದೆ. ಎತ್ತರ ಗೊತ್ತಾಗುವುದು ಹಾಗೆ. ಕೆಲವು ಸೆಕೆಂಡಾದ ಮೇಲೆ ಎಳೆತ ನಿಲ್ಲಿಸಿ, ಚರ್ಮ ಎಷ್ಟು ವಾಪಸ್ ಇಳಿಯಿತೆಂದು ನೋಡುತ್ತಾರೆ.

ಲೆಕ್ಕ ಬಹಳ ಸರಳ. ಚರ್ಮ 0.40 ಮಿಲಿಮೀಟರ್ ಏರಿ, 0.32 ಇಳಿಯಿತು ಅನ್ನಿ. ಇಳಿದದ್ದನ್ನು ಏರಿದ್ದರಿಂದ ಭಾಗಿಸಿದರೆ 0.80. ಇದಕ್ಕೆ ಆರ್2 ಎನ್ನುತ್ತಾರೆ. 1ಕ್ಕೆ ಹತ್ತಿರವಾದಷ್ಟೂ ಎಲಾಸ್ಟಿಕ್ ಗಟ್ಟಿ. ಬರೀ ಏರಿದ ಎತ್ತರ ನೋಡಿದರೆ ಮೋಸ ಹೋಗುತ್ತೀರಿ. ಜೋತುಬಿದ್ದ ಚರ್ಮವೂ ಚೆನ್ನಾಗಿಯೇ ಏರಬಹುದು, ಇಳಿಯುವಾಗ ಅದರ ಬಂಡವಾಳ ಬಯಲಾಗುತ್ತದೆ.

ಬೇರೆ ಯಂತ್ರಗಳೂ ಇವೆ. ಒಂದು ಚರ್ಮಕ್ಕೆ ಬಿಲ್ಲೆ ಅಂಟಿಸಿ ತಿರುಚುತ್ತದೆ. ಇನ್ನೊಂದು ಪುಟ್ಟ ಸುತ್ತಿಗೆಯಂಥದ್ದನ್ನು ಬೀಳಿಸಿ, ಅದು ಎಷ್ಟು ಪುಟಿಯಿತೆಂದು ಅಳೆಯುತ್ತದೆ. ಉದ್ದಕ್ಕೆ ಎಳೆಯುವ ಯಂತ್ರದಲ್ಲಿ ಯಾವ ದಿಕ್ಕಿಗೆ ಎಳೆದಿರಿ ಎಂಬುದೂ ಮುಖ್ಯ. ವಿಯೆನ್ನಾದ ಅಂಗರಚನಾ ತಜ್ಞ ಕಾರ್ಲ್ ಲ್ಯಾಂಗರ್ ಶವಗಳ ಚರ್ಮಕ್ಕೆ ದುಂಡಗಿನ ತೂತು ಚುಚ್ಚಿದಾಗ ಅವು ಸೀಳಿನಂತೆ ಉದ್ದವಾದವು. ಚರ್ಮದ ಎಳೆತಕ್ಕೆ ದಿಕ್ಕಿದೆ ಎಂದು 1861ರಲ್ಲಿ ಆತ ಬರೆದ. ಆ ದಿಕ್ಕು ತೋರಿಸುವ ಗೆರೆಗಳಿಗೆ ಈಗಲೂ ಆತನದೇ ಹೆಸರು.

ಒಮ್ಮೆ ಮಾಲ್ ಒಂದರ ಮಳಿಗೆಯಲ್ಲಿ ನನ್ನ ಕೆನ್ನೆಗೆ ಯಂತ್ರ ಹಿಡಿದು ‘ಮೇಡಂ, ನಿಮ್ಮ ಚರ್ಮಕ್ಕೆ 47 ವರ್ಷ’ ಅಂದರು. ಹೊರಗಿನ ಬಿಸಿಲಿಂದ ಆಗಷ್ಟೇ ಒಳಗೆ ಬಂದಿದ್ದೆ, ಮುಖಕ್ಕೆ ಸನ್‌ಸ್ಕ್ರೀನ್ ಬೇರೆ. ಲ್ಯಾಬಿನಲ್ಲಾದರೆ 20ರಿಂದ 22 ಡಿಗ್ರಿ ಕೋಣೆಯಲ್ಲಿ ಕೂರಿಸಿ, ಮುಖ ಒಣಗಿದ ಮೇಲೆಯೇ ಕಡ್ಡಿ ತಾಗಿಸುತ್ತಾರೆ. ಹೋಲಿಸುವುದಿದ್ದರೆ ಅದೇ ಜಾಗ, ಅದೇ ತೂತು, ಅದೇ ಎಳೆತ ಇರಬೇಕು. ಆರು ವಾರ ಕ್ರೀಮು ಹಚ್ಚುವ ಮೊದಲು ಮತ್ತು ಆಮೇಲೆ ನಿಮ್ಮ ಕೆನ್ನೆಯನ್ನು ನಿಮ್ಮದೇ ಕೆನ್ನೆಗೆ ಹೋಲಿಸಿದರೆ ಅರ್ಥವಿದೆ. ಒಂದೇ ಸಲ ಅಳೆದು ವಯಸ್ಸು ಹೇಳುವುದು ಗಿಣಿಶಾಸ್ತ್ರ.

ಮಕ್ಕಳ ಡಾಕ್ಟರು ಚಿವುಟುವುದು ಬೇರೆ ಕಾರಣಕ್ಕೆ. ವಾಂತಿಭೇದಿಯಾದ ಮಗುವಿನ ಹೊಟ್ಟೆಯ ಮೇಲೆ, ಹೊಕ್ಕುಳಿಗೂ ಪಕ್ಕೆಗೂ ನಡುವೆ, ಚರ್ಮ ಎತ್ತಿ ಬಿಡುತ್ತಾರೆ. ಇಳಿಯಲು ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಮೈಯ ನೀರು ವಿಪರೀತ ಬತ್ತಿರಬಹುದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಜ್ಜಿಯ ಕೈ ಮೇಲೆ ಈ ಲೆಕ್ಕ ನಡೆಯದು, ಅಲ್ಲಿ ಎಲಾಸ್ಟಿನ್ನೇ ಸವೆದಿರುತ್ತದೆ.

ಚರ್ಮ ಹಲಗೆಯಂತೆ ಗಟ್ಟಿಯಾಗುವ ಸ್ಕ್ಲೆರೋಡರ್ಮಾ ಕಾಯಿಲೆಯಲ್ಲಿ ಈ ಯಂತ್ರಗಳನ್ನು ಬಳಸಿ ನೋಡಿದ್ದಾರೆ. ಆದರೂ ಡಾಕ್ಟರು ಮೈಯ 17 ಜಾಗಗಳಲ್ಲಿ ಬೆರಳಿಂದಲೇ ಚಿವುಟಿ, ಪ್ರತಿ ಜಾಗಕ್ಕೆ 0ಯಿಂದ 3ರವರೆಗೆ ಅಂಕ ಹಾಕಿ ಕೂಡಿಸುತ್ತಾರೆ. ಒಟ್ಟು 51ಕ್ಕೆ.