ಚೆಲ್ಲಲಾಗದ ನೀರಿಗೆ ಬೇಟೆಗಾರ ಸೊಳ್ಳೆಮರಿ: ನಾವು ಸಾಕಿ ಬಿಡುವ ಬಗೆ

ಮೈಸೂರು ಸುತ್ತಿನ ತೋಟಗಳಲ್ಲಿ ಡೆಂಗ್ಯೂ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ತೆಂಗಿನ ಕರಟ, ಹಳೇ ಟೈರು, ಕಡಿದ ಬಿದಿರಿನ ಬುಡ, ಮರದ ಪೊಟರೆಗಳಲ್ಲಿ. ಕರಟವನ್ನು ಮಗುಚಿ ಹಾಕಿದರೆ ಮುಗಿಯಿತು, ಅಲ್ಲಿ ಬೇರೆ ಉಪಾಯ ಬೇಡ. ಪೊಟರೆ, ಬಿದಿರಿನ ಬುಡ, ಅಲುಗಿಸಲಾಗದ ಒರಳುಕಲ್ಲು, ಇಂಥವಕ್ಕೆ ಮಾತ್ರ ನಾವು ಟಾಕ್ಸೋರಿಂಕೈಟಿಸ್ ಸ್ಪ್ಲೆಂಡೆನ್ಸ್ ಮರಿ ಬಿಡುತ್ತೇವೆ. ಇದೂ ಸೊಳ್ಳೆಯೇ, ಆದರೆ ಹೆಣ್ಣೂ ಕಚ್ಚುವುದಿಲ್ಲ. ಮೊಟ್ಟೆಗೆ ಬೇಕಾದ ಪುಷ್ಟಿಯನ್ನು ಮರಿಯಾಗಿದ್ದಾಗಲೇ ತಿಂದು ಕೂಡಿಟ್ಟುಕೊಂಡು, ರೆಕ್ಕೆ ಬಂದ ಮೇಲೆ ಹೂವಿನ ರಸದಲ್ಲೇ ಬದುಕುತ್ತದೆ.

ಮಳೆಗಾಲದಲ್ಲಿ ಪೊಟರೆಯ ನೀರನ್ನು ಬಿಳಿ ತಟ್ಟೆಗೆ ಎಳೆದು ನೋಡಿ. ಮಿಕ್ಕ ಹುಳಗಳಿಗಿಂತ ದಪ್ಪ, ಕೆಂಗಂದು ಬಣ್ಣದ್ದು ಒಂದು ಸುಮ್ಮನೆ ತೇಲುತ್ತಿದ್ದರೆ ಅದೇ ಇದು. ಅಟ್ಟಿಸಿಕೊಂಡು ಹೋಗುವ ಸ್ವಭಾವವಲ್ಲ. ತಲೆಯ ಹತ್ತಿರ ಈಡಿಸ್ ಮರಿ ಮಿಸುಕಿದರೆ ಗಬಕ್ಕನೆ ಕಚ್ಚಿ ಹಿಡಿದು, ನಿಧಾನವಾಗಿ ಒಳಗೆಳೆದುಕೊಳ್ಳುತ್ತದೆ.

ರೆಕ್ಕೆ ಬಂದವನ್ನು ಸಾಕಲು ಎರಡಡಿ ಚೌಕದ ಸೊಳ್ಳೆಪರದೆ ಪಂಜರ ಸಾಕು. 100 ಮಿ.ಲೀ. ನೀರಿಗೆ 10 ಗ್ರಾಂ ಸಕ್ಕರೆ ಕರಗಿಸಿ ಹತ್ತಿಯಲ್ಲಿ ನೆನೆಸಿಡಿ. ಕಪ್ಪು ಬಟ್ಟಲಲ್ಲಿ ನೀರಿಟ್ಟರೆ ಹೆಣ್ಣು ಹಾರಾಡುತ್ತಲೇ ಮೊಟ್ಟೆ ಉದುರಿಸುತ್ತದೆ. ಅವು ಬಿಳಿ ರವೆ ಕಾಳಿನಂತೆ ಒಂದೊಂದಾಗಿ ತೇಲುತ್ತವೆ. ದಿನವೂ ಚಮಚದಲ್ಲಿ ಎತ್ತಿಕೊಳ್ಳಿ. ಸುಮಾರು ಎರಡು ದಿನಕ್ಕೆ ಒಡೆಯುತ್ತವೆ.

ಸಾಕಣೆ ಕೈಕೊಡುವುದು ಇಲ್ಲಿಂದಾಚೆ. ಈ ಮರಿಗಳು ಒಂದನ್ನೊಂದು ತಿನ್ನುತ್ತವೆ. ಒಂದೇ ತೊಟ್ಟಿಯಲ್ಲಿ ಹಿರಿದು ಕಿರಿದು ಬೆರೆಸಿಟ್ಟರೆ ಕೊನೆಗೆ ಉಳಿಯುವುದು ಕೆಲವೇ ಕೆಲವು. ಆದ್ದರಿಂದ ಒಂದು ಲೋಟಕ್ಕೆ ಒಂದೇ ಮರಿ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ, ಕ್ಲೋರಿನ್ ಹೋಗಲಿ. ಎಳೆಯ ಮರಿಗೆ ಆಗಷ್ಟೇ ಒಡೆದ ಈಡಿಸ್ ಮರಿಯನ್ನೇ ಹಾಕಬೇಕು, ದೊಡ್ಡದನ್ನು ಹಿಡಿಯಲು ಅದಕ್ಕೆ ಬಲವಿರುವುದಿಲ್ಲ. ಮರಿ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ, ಹೆಚ್ಚು ತಿನ್ನುವುದು ಕೊನೆಯ ನಾಲ್ಕನೇ ಹಂತದಲ್ಲಿ. ಕೋಶವಾಗುವ (ಮರಿಗೆ ರೆಕ್ಕೆ ಬರುವ ಮುಂಚಿನ ಹಂತ) ಮುನ್ನವಂತೂ ತಿನ್ನದೆಯೂ ಕೊಂದು ಬಿಸಾಡುತ್ತದೆ. ಆಹಾರಕ್ಕೆಂದು ಈಡಿಸ್ ಸಾಕುವ ಪಾತ್ರೆಗಳಿಗೆ ಬಟ್ಟೆ ಕಟ್ಟಲೇಬೇಕು. ಮರೆತರೆ ನಾವೇ ಡೆಂಗ್ಯೂ ಸೊಳ್ಳೆ ಸಾಕಿ ಬಿಟ್ಟಂತಾಗುತ್ತದೆ.

ಬಿಡುವುದು ಮೂರನೇ ಹಂತದ ಮರಿಯನ್ನು. ಪೊಟರೆಯೊಂದಕ್ಕೆ ಒಂದು, ದೊಡ್ಡ ಒರಳಿಗೆ ಎರಡು. ಅದಕ್ಕೂ ಮುಂಚೆ ಟೀ ಜಾಲರಿಯಲ್ಲಿ ಈಡಿಸ್ ಕೋಶಗಳನ್ನು ಸೋಸಿ ತೆಗೆಯಿರಿ, ಇಲ್ಲದಿದ್ದರೆ ಎರಡು ದಿನದೊಳಗೆ ಅವು ಸೊಳ್ಳೆಯಾಗಿ ಹಾರಿಹೋಗುತ್ತವೆ. ಸೊಳ್ಳೆಮರಿ ಕೊಲ್ಲುವ ಟೆಮೆಫಾಸ್ ಔಷಧಿ ಹಾಕಿದ ನೀರಿಗೆ ಬಿಡಬೇಡಿ, ಇವೂ ಸಾಯುತ್ತವೆ.

ಇವು ತಾವಾಗಿಯೇ ಹಬ್ಬಿ ಊರನ್ನೆಲ್ಲ ಕಾಯುತ್ತವೆ ಎಂದು ನಂಬಿ ಕೂರುವಂತಿಲ್ಲ. ಈಡಿಸ್ ಹತ್ತು ದಿನದ ಆಸುಪಾಸಿನಲ್ಲಿ ಬೆಳೆದುಬಿಡುತ್ತದೆ. ಈ ಬೇಟೆಗಾರ ಸೊಳ್ಳೆಗೆ ಮರಿಯ ಹಂತವೇ ಎರಡು ಮೂರು ವಾರ, ಆಮೇಲೆ ಕೋಶದಲ್ಲಿ ಸುಮಾರು ಐದಾರು ದಿನ. ಹಾಗಾಗಿ ಮಳೆಗಾಲ ಮುಗಿಯುವವರೆಗೂ ನೋಡಿ ನೋಡಿ ಮತ್ತೆ ಬಿಡುತ್ತಿರಬೇಕು. ಮಂಡ್ಯದ ಭತ್ತದ ಗದ್ದೆಯಲ್ಲಿ ಹುಟ್ಟಿ ಮೆದುಳು ಜ್ವರ ಹರಡುವ ಕ್ಯೂಲೆಕ್ಸ್‌ಗಾಗಲಿ, ಚರಂಡಿ ಸೊಳ್ಳೆಗಾಗಲಿ ಇದು ಮದ್ದಲ್ಲ, ಅಂಥ ಬಯಲು ನೀರಿನಲ್ಲಿ ಇದು ಮೊಟ್ಟೆಯಿಡುವುದಿಲ್ಲ. ಮನೆಯ ನೀರಿನ ತೊಟ್ಟಿಗೆ ವಾರಕ್ಕೊಮ್ಮೆ ಉಜ್ಜಿ ತೊಳೆದು ಬಿಗಿಯಾಗಿ ಮುಚ್ಚಿಡುವುದೇ ಸರಿ.