ಎಕೋ ಸಾಲದು ಅಂದವರೇ ಕೊನೆಗೆ ಯಾವ ಸ್ಟುಡಿಯೋ ಅಂತ ಕೇಳಿದರು

ಹಾಡು ನಿಂತ ಮೇಲೂ ಗೋಡೆಗಳಿಗೆ ಬಡಿದು ಸ್ವಲ್ಪ ಹೊತ್ತು ಉಳಿಯುವ ಗುಂಗಿಗೆ ರಿವರ್ಬ್ ಅಂತ ಹೆಸರು, ಆದರೆ ನಮ್ಮ ಕಡೆ ಹಾಗೆ ಯಾರೂ ಹೇಳುವುದಿಲ್ಲ. ಎಲ್ಲವೂ ಎಕೋ. ಭಜನೆಗೆ ಮೈಕ್ ಕಟ್ಟುವವನ ಹತ್ತಿರ "ಸ್ವಲ್ಪ ಎಕೋ ಕೊಡು ಮಾರಾಯ" ಅಂದರೆ ಸಾಕು, ಅವನು ಮಿಕ್ಸರಿನ ಆ ಒಂದು ನಾಬನ್ನು ಮುಕ್ಕಾಲಿಗೆ ತಿರುಗಿಸಿಬಿಡುತ್ತಾನೆ, ಆಮೇಲೆ ದೇವರ ಹೆಸರು ಒಂದೊಂದೂ ಮೂರು ಸಲ ಕೇಳುತ್ತದೆ. ಪುಣ್ಯ ಜಾಸ್ತಿ ಅಂತ ಇಟ್ಟುಕೊಳ್ಳಿ. ನನ್ನ ಕಿವಿ ಪಳಗಿದ್ದೂ ಅಲ್ಲಿಯೇ. ಹಾಗಾಗಿ ಮನೆಯಲ್ಲಿ ರೆಕಾರ್ಡಿಂಗ್ ಶುರು ಮಾಡಿದ ಮೊದಲ ಒಂದೂವರೆ ವರ್ಷ ಮಾಡಿದ್ದೆಲ್ಲ ತಪ್ಪು.

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮುರಕಲ್ಲಿನ ಗೋಡೆ, ಅದರ ಮೇಲೆ ನುಣ್ಣಗೆ ಸಿಮೆಂಟು ಸಾರಣೆ, ಕೋಣೆ ಹತ್ತಡಿಗೆ ಹತ್ತಡಿ. ಚೌಕ ಕೋಣೆಯ ಕಷ್ಟ ಎಂತ ಅಂದರೆ, ಎರಡೂ ಕಡೆ ಅಳತೆ ಒಂದೇ ಆದ ಕಾರಣ ಕೆಲವು ಶ್ರುತಿ ಮಾತ್ರ ಜೋರಾಗಿ ಮೊಳಗುತ್ತವೆ. 110 ಹರ್ಟ್ಸ್ ಆಸುಪಾಸಿನಲ್ಲಿ ಒಮ್ಮೆ, 170ರ ಹತ್ತಿರ ಇನ್ನೊಮ್ಮೆ, ನನ್ನ ಸ್ವರ ಕೊಡಪಾನದೊಳಗೆ ಕೂತು ಹಾಡಿದ ಹಾಗೆ ಗುಂ ಅನ್ನುತ್ತಿತ್ತು. ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡುವ ನನ್ನ ಬಾವ ಕೇಳಿ ನಕ್ಕ. "ಬಾವ, ನೀನು ಇದಕ್ಕೆ ಎಷ್ಟು ರಿವರ್ಬ್ ಸುರಿದರೂ ಬಚ್ಚಲಲ್ಲಿ ಹಾಡಿದ ಹಾಗೆಯೇ. ಸುಮ್ನೆ ಗಂಟೆ ಲೆಕ್ಕದಲ್ಲಿ ಸ್ಟುಡಿಯೋ ತಗೋ" ಅಂದ. ಗಂಟೆಗೆ ಆಗ ಸಾವಿರದ ಹತ್ತಿರ ಇತ್ತು. ಆರು ಹಾಡಿಗೆ ಎಷ್ಟು ಗಂಟೆ ಬೇಕು ಅಂತ ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ದುಡ್ಡು ಹೋಗಿಯಾಗಿತ್ತು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿಗೆ ಹತ್ತು ಸಾವಿರ ಚಿಲ್ಲರೆ, ಕಂಡೆನ್ಸರ್ ಮೈಕಿಗೆ ಎಂಟು, ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರಿನ ಲೈಸೆನ್ಸು 60 ಡಾಲರ್. ಇವು ಮೂರರ ಬಗ್ಗೆ ಬೇಜಾರಿಲ್ಲ. ಬೇಜಾರು ಫೋಮಿನದ್ದು. ಆನ್‌ಲೈನಿನಲ್ಲಿ ಮೂರೂವರೆ ಸಾವಿರ ಕೊಟ್ಟು ಒಂದಿಂಚಿನ ಫೋಮ್ ತರಿಸಿ ಗೋಡೆಗೆಲ್ಲ ಅಂಟಿಸಿದೆ. ಮೇಲಿನ ಚಟಪಟ ಹೋಯಿತು, ಗುಂ ಮಾತ್ರ ಅಲ್ಲೇ ಉಳಿಯಿತು. ಮೊದಲಿಗಿಂತ ಮಂಕಾಗಿ ಕೇಳತೊಡಗಿತು. ಅದನ್ನು ಮುಚ್ಚಲಿಕ್ಕೆ ನಾಲ್ಕು ಸಾವಿರದ ರಿವರ್ಬ್ ಪ್ಲಗಿನ್, ಅಂದರೆ ರೀಪರಿಗೆ ಜೋಡಿಸುವ ಸಣ್ಣ ಸಾಫ್ಟ್‌ವೇರ್, ತೆಗೆದುಕೊಂಡೆ. ಅದರಲ್ಲಿ ದೊಡ್ಡ ಹಾಲ್, ಚರ್ಚು, ಗುಹೆ ಎಲ್ಲ ಉಂಟು. ಪುಕ್ಕಟೆ ಸಿಗುವ ಇನ್ನೊಂದು ಪ್ಲಗಿನ್ ಸೂಪರ್‌ಮ್ಯಾಸಿವ್ ಹಾಕಿ ಒಂದು ರಾತ್ರಿ ಇಡೀ ಬಾಹ್ಯಾಕಾಶದಲ್ಲಿ ಭಜನೆ ಮಾಡಿಸಿದ್ದೂ ಆಯಿತು. ಬೆಳಿಗ್ಗೆ ಕೇಳಿದರೆ ಒಂದು ಶಬ್ದವೂ ಅರ್ಥ ಆಗುವುದಿಲ್ಲ.

ತಪ್ಪು ಎಲ್ಲಿ ಅಂತ ಗೊತ್ತಾದದ್ದು ಅಚಾನಕ್ಕಾಗಿ. ಒಮ್ಮೆ ಲ್ಯಾಪ್‌ಟಾಪಿನಲ್ಲಿ ರಿವರ್ಬ್ ಬಸ್ಸನ್ನು, ಅಂದರೆ ರಿವರ್ಬಿಗೆಂದೇ ಇಟ್ಟ ಬೇರೆ ದಾರಿಯನ್ನು, ಮ್ಯೂಟ್ ಮಾಡಿ ಮರೆತೇಬಿಟ್ಟಿದ್ದೆ, ಆದರೂ ಹಾಡಿನಲ್ಲಿ ರಿವರ್ಬ್ ಕೇಳುತ್ತಿತ್ತು. ಅದು ನನ್ನ ಕೋಣೆಯದ್ದು! ಮೈಕಿನೊಳಗೆ ಒಮ್ಮೆ ಹೋದ ಕೋಣೆಯನ್ನು ಹೊರಗೆ ತೆಗೆಯಲಿಕ್ಕೆ ಆಗುವುದಿಲ್ಲ. ಅದರ ಮೇಲೆ ಇನ್ನೊಂದು ಹಾಲ್ ಹಾಕಿದರೆ ಎರಡೂ ಜಗಳಾಡುತ್ತವೆ.

ಮೊದಲು ಸ್ವರವನ್ನು ಪೂರ್ತಿ ಒಣಗಿಸಬೇಕಿತ್ತು, ಅಂದರೆ ಕೋಣೆಯ ಸದ್ದು ಸೇರದ ಬರೀ ಸ್ವರ ಬೇಕಿತ್ತು. ಅಡಿಕೆ ಸುಲಿದ ಸಿಪ್ಪೆ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿತ್ತು. ಹದಿನಾಲ್ಕು ಗೋಣಿಗೆ ತುಂಬಿಸಿ ಕೋಣೆಯ ಒಂದು ಮೂಲೆಯಲ್ಲಿ ಆಳೆತ್ತರಕ್ಕೆ ಪೇರಿಸಿದೆ, ಅದಕ್ಕೆ ಬೆನ್ನು ಹಾಕಿ ನಿಂತೆ, ತಲೆಯ ಮೇಲೆ ಹಗ್ಗ ಕಟ್ಟಿ ಹಳೇ ಕಂಬಳಿ ಎರಡು ಮಡಿಕೆ. ಗೋಣಿ ಇರಬೇಕಾದದ್ದು ಮೈಕಿನ ಹಿಂದೆ ಅಲ್ಲ, ಹಾಡುವವನ ಹಿಂದೆ. ಮೈಕ್ ನೋಡುವುದು ಆ ಕಡೆಯನ್ನೇ ಅಲ್ವಾ. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿ "ಎಂತ, ಸಿಪ್ಪೆಗೆ ಸಂಗೀತ ಕೇಳಿಸುವುದಾ?" ಅಂತ ಕೇಳಿ ಹೋದರು. ಖರ್ಚು ಸೊನ್ನೆ. ಸಿಪ್ಪೆ ಚೆನ್ನಾಗಿ ಒಣಗಿರಬೇಕು ಅಷ್ಟೇ, ನಾನು ಮೊದಲ ಸಲ ಅರೆಒಣಗಿದ್ದು ತುಂಬಿಸಿ ವಾರದೊಳಗೆ ಬೂಸ್ಲು ವಾಸನೆ, ಮೂರು ದಿನ ಸೀನು.

ಆಮೇಲಿನದ್ದು ಸುಲಭ. ರಿವರ್ಬ್ ಟ್ರ್ಯಾಕಿನ ಮೇಲೆಯೇ ಕೂರುವುದಿಲ್ಲ, ಸ್ವರದ ಒಂದು ಪ್ರತಿ ಸೆಂಡಿನಲ್ಲಿ ಬೇರೆ ಬಸ್ಸಿಗೆ ಹೋಗುತ್ತದೆ, ಅಲ್ಲಿ ನೂರಕ್ಕೆ ನೂರು ವೆಟ್, ಅಂದರೆ ಬರೀ ರಿವರ್ಬ್. ಹಾಲ್ ಬಿಟ್ಟು ಪ್ಲೇಟ್ ಹಿಡಿದೆ. ಜರ್ಮನಿಯ ಇಎಂಟಿ 140 ಅಂತ 1957ರಲ್ಲಿ ಬಂದ ಯಂತ್ರ ಉಂಟಲ್ಲ, ದೊಡ್ಡ ಉಕ್ಕಿನ ತಗಡು ತೂಗುಹಾಕಿದ್ದು, ಅದು ನಡುಗಿಯೇ ರಿವರ್ಬ್ ಬರುವುದು, ಸುಮಾರು 270 ಕಿಲೋ, ಅದರ ನಕಲು ಪ್ಲಗಿನ್. ನನ್ನ ಹಾಡು 84 ಬಿಪಿಎಂ, ನಿಮಿಷಕ್ಕೆ 84 ತಾಳದ ಪೆಟ್ಟು. ಅಂದರೆ ಒಂದೊಂದು ಪೆಟ್ಟು 714 ಮಿಲಿಸೆಕೆಂಡು. ಅದರ ಹದಿನಾರನೇ ಒಂದು ಪಾಲು ಪ್ರಿ-ಡಿಲೇ (ಸ್ವರ ಬಂದ ಮೇಲೆ ರಿವರ್ಬ್ ಶುರುವಾಗುವವರೆಗಿನ ಬಿಡುವು), 45ರ ಹತ್ತಿರ. ರಿವರ್ಬಿನ ಬಾಲ ಎರಡು ಪೆಟ್ಟಿನೊಳಗೆ ಮುಗಿಯಬೇಕು, ಹಾಗಾಗಿ ಡಿಕೇ, ಅಂದರೆ ಅದು ಅಡಗುವ ಹೊತ್ತು, 1.4 ಸೆಕೆಂಡು. ರಿವರ್ಬಿಗೆ ಹೋಗುವ ಸ್ವರದಲ್ಲಿ 600 ಹರ್ಟ್ಸಿನಿಂದ ಕೆಳಗೆ, 10,000ದಿಂದ ಮೇಲೆ ಕತ್ತರಿಸುವುದು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದವರ ಹಳೇ ಕ್ರಮ. ನನಗೆ 600 ತೀರಾ ತೆಳ್ಳಗಾಯಿತು. 350ಕ್ಕೆ ಇಳಿಸಿದೆ, ಮೇಲೆ 7,000ಕ್ಕೆ ನಿಲ್ಲಿಸಿದೆ.

ಕನ್ನಡಕ್ಕೆ ಮಾತ್ರ ಒಂದು ವಿಷಯ ನೋಡಿಕೊಳ್ಳಬೇಕು. ನಮ್ಮ ಸಾಲು ಮುಗಿಯುವುದು ಹೆಚ್ಚಾಗಿ ಸ್ವರಾಕ್ಷರದಲ್ಲಿ. "ಬಾರೋ" ಅಂತ ಎಳೆದು ಬಿಟ್ಟರೆ ಆ ಓಕಾರದ ಮೇಲೆ ರಿವರ್ಬ್ ತಾನಾಗಿ ಕೂರುತ್ತದೆ. ಕಷ್ಟ ಇರುವುದು ಸಾಲಿನ ನಡುವೆ. "ಕೃಷ್ಣ" ಅಂದಾಗ ಷಕಾರ ರಿವರ್ಬಿಗೆ ಹೋಗಿ ಸ್‌ಸ್‌ಸ್ ಅಂತ ಹರಡಿ ಅದರಡಿಯ ಣಕಾರವನ್ನು ನುಂಗಿಬಿಡುತ್ತದೆ. ಅದಕ್ಕೆ ಬಸ್ಸಿನಲ್ಲಿ ಪ್ಲೇಟಿಗಿಂತ ಮೊದಲು ಸಕಾರ ಷಕಾರಗಳ ಸದ್ದು ತಗ್ಗಿಸುವ ಒಂದು ಡಿ-ಎಸ್ಸರ್, ಮುಖ್ಯ ಸ್ವರಕ್ಕೆ ಹಾಕುವುದಕ್ಕಿಂತ ಗಟ್ಟಿಯಾಗಿ. ಪ್ಲೇಟಿನ ನಂತರ ಸದ್ದು ಅಮುಕುವ ಕಂಪ್ರೆಸರ್, ಯಾವಾಗ ಅಮುಕಬೇಕು ಅಂತ ಅದಕ್ಕೆ ಸೈಡ್‌ಚೈನಿನಲ್ಲಿ ಹೇಳುವುದು ಒಣ ಸ್ವರ. ಹಾಡುವಾಗ ರಿವರ್ಬ್ ನಾಲ್ಕೈದು ಡಿಬಿ ತಗ್ಗುತ್ತದೆ, ಉಸಿರು ತೆಗೆಯುವಾಗ ಮೇಲೆ ಬರುತ್ತದೆ. ಡಿ-ಎಸ್ಸರಿಗೂ ಪ್ಲೇಟಿಗೂ ನಡುವೆ ಇನ್ನೊಂದು ಪ್ಲಗಿನ್ ಕೂತಿದೆ. ಅದು ಯಾವುದು ಅಂತ ಹೇಳುವುದಿಲ್ಲ. ಮನೆಗೆ ಬಂದು ಕೇಳಿ ಊಹಿಸಿದವರಿಗೆ ಒಂದು ಎಳನೀರಿನ ಬೊಂಡ ಕೆತ್ತಿ ಕೊಡುತ್ತೇನೆ.

ನಡುವೆ ಒಂದು ಹುಚ್ಚು. ನಮ್ಮ ಗುಡ್ಡೆಯಲ್ಲಿ ನೀರಿನ ಸುರಂಗ ಉಂಟು, ಈ ಕಡೆ ಹಳೇ ತೋಟಗಳಲ್ಲಿ ಬಹಳ ಕಡೆ ಇರುವಂಥದ್ದೇ, ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದದ್ದು. ಅಲ್ಲಿ ಬಲೂನು ಒಡೆದು ಆ ಶಬ್ದ ಹಿಡಿದರೆ ಪ್ರಪಂಚದಲ್ಲಿ ಯಾರ ಹತ್ತಿರವೂ ಇಲ್ಲದ ರಿವರ್ಬ್ ಆಗುತ್ತದೆ ಅಂತ ನನ್ನ ಲೆಕ್ಕ. ಹತ್ತು ಬಲೂನು, ಹ್ಯಾಂಡಿ ರೆಕಾರ್ಡರು, ಟಾರ್ಚು ಹಿಡಿಯಲಿಕ್ಕೆ ಚಿಕ್ಕಪ್ಪನ ಮಗ. ಮೊಣಕಾಲಷ್ಟು ತಣ್ಣೀರು. ಮೂರನೇ ಬಲೂನಿಗೆ ಬಾವಲಿಗಳು ಎದ್ದು ನಮ್ಮ ತಲೆ ಸವರಿಕೊಂಡು ಹೊರಗೆ ಹಾರಿದವು, ಹುಡುಗ ಟಾರ್ಚು ನೀರಿಗೆ ಹಾಕಿದ. ಮನೆಗೆ ಬಂದು, ಹಿಡಿದ ಜಾಗದ ಗುಂಗನ್ನು ಸ್ವರಕ್ಕೆ ಕೊಡುವ ರೀಪರಿನ ಪ್ಲಗಿನ್ ರಿಯಾವರ್ಬಿಗೆ ಹಾಕಿದರೆ ಗುಹೆಯೂ ಇಲ್ಲ ಏನೂ ಇಲ್ಲ, ಮುಷ್ಟಿಯಲ್ಲಿ ಮಣ್ಣಿಗೆ ಗುದ್ದಿದ ಹಾಗೆ ಅರೆ ಸೆಕೆಂಡಿನಲ್ಲಿ ಮುಗಿದು ಹೋಯಿತು. ಒರಟು ಕಲ್ಲು, ತೂತುತೂತು, ಎಲ್ಲ ನುಂಗುತ್ತದೆ. ನನ್ನ ಸಾರಣೆ ಮಾಡಿದ ಕೋಣೆಗಿಂತ ಆ ಸುರಂಗವೇ ಒಳ್ಳೆಯ ವೋಕಲ್ ಬೂತ್, ಹಾಡು ಹಿಡಿಯುವ ಗೂಡು! ಆದರೆ ಆ ಶಬ್ದ ಹಾಳಾಗಲಿಲ್ಲ. ಪ್ಲೇಟಿನ ಕೆಳಗೆ ತುಂಬಾ ಸಣ್ಣಗೆ ಇಟ್ಟರೆ ಸ್ವರ ಸ್ವಲ್ಪ ದಪ್ಪ ಆಗುತ್ತದೆ. ಎಷ್ಟು ಸಣ್ಣಗೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಮೊದಲ ಹಾಡು ಮುಗಿಸಿ ಮೈಕಿನವನಿಗೆ ಕೊಟ್ಟಾಗ "ಎಕೋ ಸಾಲದು" ಅಂದ. ಜಾತ್ರೆಗೆ ಹಾಕಿ ನೋಡು ಅಂದೆ. ಗದ್ದೆಯಾಚೆ ಕಟ್ಟಿದ ಹಾರ್ನ್ ಸ್ಪೀಕರಿನಿಂದ ಬರುವಾಗ ಗುಡ್ಡೆಗೆ ಬಡಿದು ಅದಕ್ಕೆ ಬೇಕಾದ ಎಕೋ ಅಲ್ಲೇ ಸಿಗುತ್ತದೆ, ನಾವು ಬೇರೆ ಹಾಕುವುದು ಬೇಡ. ಬೇರೆಯವರ ಹಾಡುಗಳ ನಡುವೆ ನನ್ನದು ಬಂತು. ಮಾತು ಮಾತು ಕೇಳುತ್ತಿತ್ತು, ಚಹಾದಂಗಡಿಯ ಬೆಂಚಿನಲ್ಲಿ ಕೂತು ನಾನೇ ಕೇಳಿದೆ. ಮರುದಿನ ಅವನದ್ದೇ ಫೋನು, "ಇದು ಯಾವ ಸ್ಟುಡಿಯೋದಲ್ಲಿ ಮಾಡಿಸಿದ್ದು?" ಬಾವನಿಗೂ ಕಳಿಸಿದೆ. ಅವನು ಎರಡು ದಿನ ಬಿಟ್ಟು ಒಂದೇ ಒಂದು ಹೆಬ್ಬೆರಳು ಕಳಿಸಿದ, ಮಾತಿಲ್ಲ.

ಈಗ ತಂಗಿಯ ಸ್ವರ ನಡೆಯುತ್ತಿದೆ. ನನ್ನ ಲೆಕ್ಕ ಅವಳಿಗೆ ಹೊಂದುವುದಿಲ್ಲ. 7,000 ಇದ್ದದ್ದು 5,000ಕ್ಕೆ ಇಳಿಯಿತು, ಪ್ರಿ-ಡಿಲೇ 60ಕ್ಕೆ ಏರಿತು, ಆದರೂ ಮೇಲಿನ ಸ್ಥಾಯಿಯಲ್ಲಿ ಪ್ಲೇಟ್ ಕಿರ್ ಅನ್ನುತ್ತದೆ. ಅಷ್ಟರಲ್ಲಿ ಮಳೆ ಶುರು. ಅಂಗಳದ ಶೀಟಿನ ಮೇಲೆ ಬೀಳುವ ಶಬ್ದಕ್ಕೆ ಯಾವ ಗೋಣಿಯೂ ಸಾಲದು, ರಾತ್ರಿ ಎರಡರಿಂದ ನಾಲ್ಕರ ಒಳಗೆ ಮಳೆ ಬಿಟ್ಟರೆ ಮಾತ್ರ ಟೇಕ್. ಮಳೆ ಬಿಟ್ಟರೆ ಕಪ್ಪೆ. ಮೊನ್ನೆ ಅವಳು ಹಾಡು ನಿಲ್ಲಿಸಿದ ಮೇಲೂ ರೆಕಾರ್ಡಿಂಗ್ ಓಡುತ್ತಿತ್ತು, ಕಪ್ಪೆಗಳಿಗೆ ಅದೇ ಪ್ಲೇಟ್ ಬಿದ್ದಿದೆ. ಒಂದಕ್ಕೂ ಕಿರ್ ಇಲ್ಲ.